ಒಂದೇ ಮರ, ಆರು ನೋಟ

ಶ್ರವಣಬೆಳಗೊಳದ ಜೈನ ಮಠದ ಗೋಡೆಗಳ ಮೇಲಿನ ವರ್ಣಚಿತ್ರಗಳಲ್ಲಿ ತೀರ್ಥಂಕರರ ಚರಿತೆಯ ಪ್ರಸಂಗಗಳ ಜೊತೆಗೆ ಕಾಡಿನ ದೃಶ್ಯವೊಂದೂ ಇದೆ. ಅದರಲ್ಲೊಂದು ಮರ, ಆ ಮರವನ್ನು ಆಶ್ರಯಿಸಿದ ಆರು ಮಂದಿ. ಬೆಟ್ಟವಿಳಿದು ಬಂದ ಯಾತ್ರಿಕರಲ್ಲಿ ಹೆಚ್ಚಿನವರು ಅದನ್ನು ಕಣ್ಣಾಡಿಸಿ ಮುಂದೆ ಸಾಗುತ್ತಾರೆ. ಆದರೆ ಮನುಷ್ಯನ ಮನಸ್ಸಿಗೂ ಈ ಭೂಮಿಯ ನಾಳೆಗೂ ಇರುವ ನಂಟನ್ನು ಇಷ್ಟು ಸರಳವಾಗಿ ತೋರಿಸುವ ಚಿತ್ರ ಮತ್ತೊಂದು ಸಿಗುವುದು ಕಷ್ಟ.

ಕಥೆ ಶ್ರಾವಕರ ಮನೆಗಳಲ್ಲಿ ಪರಿಚಿತವಾದುದೇ. ಕಾಡಿನಲ್ಲಿ ದಾರಿ ತಪ್ಪಿ ಹಸಿದು ಬಳಲಿದ ಆರು ಮಂದಿ ಪಥಿಕರ ಕಣ್ಣಿಗೆ ಹಣ್ಣುಗಳಿಂದ ತುಂಬಿದ ಮರವೊಂದು ಬೀಳುತ್ತದೆ. ಮರವನ್ನು ಬುಡಸಮೇತ ಕಡಿದು ಉರುಳಿಸಿ ಹಣ್ಣು ತಿನ್ನೋಣ ಎಂದು ಮೊದಲನೆಯವನು ಯೋಚಿಸುತ್ತಾನೆ. ಕಾಂಡವನ್ನು ಕಡಿದರೆ ಸಾಕು ಎಂಬುದು ಎರಡನೆಯವನ ಆಲೋಚನೆ. ಮೂರನೆಯವನು ದೊಡ್ಡ ಕೊಂಬೆಗಳನ್ನು, ನಾಲ್ಕನೆಯವನು ಸಣ್ಣ ರೆಂಬೆಗಳನ್ನು ಕಡಿಯಬೇಕೆನ್ನುತ್ತಾನೆ. ಐದನೆಯವನಿಗೆ ಹಣ್ಣುಗಳನ್ನಷ್ಟೇ ಕೊಯ್ದರೆ ಸಾಕು. ಆರನೆಯವನು ನೆಲದ ಕಡೆ ನೋಡುತ್ತಾನೆ. ತಾನಾಗಿ ಉದುರಿದ ಹಣ್ಣುಗಳೇ ಹಸಿವೆಗೆ ಬೇಕಾದಷ್ಟು ಬಿದ್ದಿರುವುದು ಅವನಿಗೆ ಕಾಣುತ್ತದೆ.

ಕೃಷ್ಣ, ನೀಲ, ಕಪೋತ, ಪೀತ, ಪದ್ಮ, ಶುಕ್ಲ ಎಂಬ ಆರು ಲೇಶ್ಯೆಗಳನ್ನು ವಿವರಿಸಲು ಆಚಾರ್ಯ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ‘ಗೊಮ್ಮಟಸಾರ’ದ ಜೀವಕಾಂಡದಲ್ಲಿ ಈ ದೃಷ್ಟಾಂತವನ್ನು ಬಳಸಿದ್ದಾರೆ. ವಿಂಧ್ಯಗಿರಿಯ ಮೇಲೆ ಬಾಹುಬಲಿಯ ಮಹಾಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯನಿಗೆ ಗುರುಗಳಾಗಿದ್ದವರು ಅವರು. ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳಿಂದ ಬಣ್ಣಗಟ್ಟಿದ ಮನೋವಾಕ್ಕಾಯಗಳ ಪ್ರವೃತ್ತಿಯೇ ಲೇಶ್ಯೆ. ಇಲ್ಲಿ ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಮರ ಒಂದೇ, ಹಸಿವೂ ಒಂದೇ. ಆರು ಮಂದಿಯಲ್ಲಿ ಬೇರೆಯಾಗಿರುವುದು ನೋಟ ಮಾತ್ರ. ಯಾರ ಕೊಡಲಿಯೂ ಇನ್ನೂ ಮರಕ್ಕೆ ತಾಗಿಲ್ಲ. ಆದರೂ ಆ ಕಾಡಿನ ನಾಳೆ ಏನಾಗಬೇಕೆಂಬುದು ಅವರ ಮನಸ್ಸಿನಲ್ಲಿ ಆಗಲೇ ತೀರ್ಮಾನವಾಗಿದೆ.

ಎರಡು ಮಾತು, ಒಂದೇ ಫಲ

ಮನುಕುಲದ ಭವಿಷ್ಯವನ್ನು ಕುರಿತು ಇಂದು ಮನೆಮನೆಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ಬೇಸಿಗೆಯ ಉರಿ, ಹೊತ್ತಲ್ಲದ ಹೊತ್ತಿನ ಮಳೆ, ಬತ್ತಿದ ಕೊಳವೆ ಬಾವಿಗಳ ಸುದ್ದಿ ಓದಿದ ತರುಣರು, ಇನ್ನು ಈ ಭೂಮಿಗೆ ಉಳಿಗಾಲವಿಲ್ಲ, ಮನುಷ್ಯನೇ ಭೂಮಿಗೆ ಹಿಡಿದ ರೋಗ ಎನ್ನುತ್ತಾರೆ. ಅದೇ ಮನೆಯ ಮತ್ತೊಬ್ಬರು, ವಿಜ್ಞಾನ ಎಲ್ಲಕ್ಕೂ ದಾರಿ ಹುಡುಕಿದೆ, ಇದಕ್ಕೂ ಹುಡುಕುತ್ತದೆ, ಚಿಂತೆ ಏತಕ್ಕೆ ಎನ್ನುತ್ತಾರೆ. ಜಗಲಿಯಲ್ಲಿ ಕುಳಿತ ಹಿರಿಯರು, ‘ಇದು ಪಂಚಮ ಕಾಲ ಮಗೂ, ಹೀಗಾಗುವುದು ಇದ್ದದ್ದೇ’ ಎಂದು ನಿಟ್ಟುಸಿರಿಟ್ಟು ಸುಮ್ಮನಾಗುತ್ತಾರೆ.

ಮೇಲ್ನೋಟಕ್ಕೆ ಈ ಮಾತುಗಳು ಒಂದಕ್ಕೊಂದು ವಿರುದ್ಧ. ಆದರೆ ಅವುಗಳ ಫಲ ಒಂದೇ. ಎಲ್ಲವೂ ಮುಗಿಯಿತು ಎಂದವನು ಏನನ್ನೂ ಮಾಡುವುದಿಲ್ಲ, ಎಲ್ಲವೂ ಸರಿಹೋಗುತ್ತದೆ ಎಂದವನೂ ಮಾಡುವುದಿಲ್ಲ, ಕಾಲದ ಮೇಲೆ ಹೊಣೆ ಹೊರಿಸಿದವನಂತೂ ಕೈಕಟ್ಟಿ ಕುಳಿತೇ ಇದ್ದಾನೆ. ಅಂಗಳದ ನಲ್ಲಿಯಿಂದ ನೀರು ಸುರಿಯುತ್ತಲೇ ಇರುತ್ತದೆ. ಆದ್ದರಿಂದ ನಾಳೆ ಏನಾಗುತ್ತದೆ ಎಂಬ ಪ್ರಶ್ನೆಗೆ ಮೊದಲು, ನಾಳೆಯನ್ನು ನಾವು ಯಾವ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದನ್ನು ಪರೀಕ್ಷಿಸಬೇಕಾಗಿದೆ. ಸಮ್ಯಗ್ಜ್ಞಾನ ಸಮ್ಯಕ್ಚಾರಿತ್ರಗಳಿಗೆ ಮೊದಲು ಸಮ್ಯಗ್ದರ್ಶನವನ್ನು ಇರಿಸಿದ ಜಿನಧರ್ಮದ ಕ್ರಮವೂ ಇದೇ.

ಇಬ್ಬರು ವಿದ್ವಾಂಸರ ಪಂಥ

ನೋಟವು ಎಷ್ಟು ಬಲವಾದುದೆಂಬುದಕ್ಕೆ ಅಮೆರಿಕದ ಇಬ್ಬರು ವಿದ್ವಾಂಸರ ನಡುವೆ ನಡೆದ ಪಂಥವೊಂದು ಒಳ್ಳೆಯ ಸಾಕ್ಷಿ. ಪಾಲ್ ಎರ್ಲಿಕ್ ಜೀವವಿಜ್ಞಾನಿ. ಚಿಟ್ಟೆಗಳನ್ನು ಅಧ್ಯಯನ ಮಾಡಿದವರು. ಒಂದು ಜೀವಿಯ ಸಂಖ್ಯೆ ಮಿತಿಮೀರಿದರೆ ಆಹಾರ ಮುಗಿದು ಅದು ಕುಸಿಯುವುದನ್ನು ಬಲ್ಲವರು. 1968ರಲ್ಲಿ ಪ್ರಕಟವಾದ ‘ದಿ ಪಾಪ್ಯುಲೇಷನ್ ಬಾಂಬ್’ ಎಂಬ ತಮ್ಮ ಪುಸ್ತಕವನ್ನು ಅವರು ದೆಹಲಿಯ ಒಂದು ಸೆಕೆಯ ರಾತ್ರಿ ಟ್ಯಾಕ್ಸಿಯಿಂದ ಕಂಡ ಜನಸಂದಣಿಯ ವರ್ಣನೆಯೊಂದಿಗೆ ಆರಂಭಿಸಿದರು. 1970ರ ದಶಕದಲ್ಲಿ ಕೋಟಿ ಕೋಟಿ ಜನ ಹಸಿವಿನಿಂದ ಸಾಯುತ್ತಾರೆ ಎಂಬುದು ಅವರ ಭವಿಷ್ಯವಾಣಿಯಾಗಿತ್ತು. ಜೂಲಿಯನ್ ಸೈಮನ್ ಅರ್ಥಶಾಸ್ತ್ರಜ್ಞರು. ಮನುಷ್ಯನ ಬುದ್ಧಿಯೇ ಎಲ್ಲಕ್ಕಿಂತ ದೊಡ್ಡ ಸಂಪನ್ಮೂಲ, ಕೊರತೆ ಬಂದಾಗಲೆಲ್ಲ ಅವನು ಹೊಸ ದಾರಿ ಕಂಡುಕೊಳ್ಳುತ್ತಾನೆ ಎಂಬುದು ಅವರ ನಂಬಿಕೆ. ಒಬ್ಬರಿಗೆ ಪ್ರತಿ ಮನುಷ್ಯನೂ ಉಣ್ಣುವ ಒಂದು ಬಾಯಿಯಾಗಿ ಕಂಡರೆ, ಇನ್ನೊಬ್ಬರಿಗೆ ದುಡಿಯುವ ಎರಡು ಕೈಗಳಾಗಿ ಕಂಡನು.

1980ರಲ್ಲಿ ಇಬ್ಬರೂ ಪಂಥ ಕಟ್ಟಿದರು. ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್ ಎಂಬ ಐದು ಲೋಹಗಳನ್ನು ತಲಾ 200 ಡಾಲರಿನಂತೆ ಒಟ್ಟು 1,000 ಡಾಲರ್ ಬೆಲೆಗೆ ಕಾಗದದ ಮೇಲೆ ಲೆಕ್ಕ ಹಾಕಲಾಯಿತು. ಹಣದುಬ್ಬರವನ್ನು ಕಳೆದು, ಹತ್ತು ವರ್ಷದ ಬಳಿಕ ಬೆಲೆ ಏರಿದ್ದರೆ ಎರ್ಲಿಕ್ ಮತ್ತು ಅವರ ಇಬ್ಬರು ಸಂಗಾತಿಗಳಿಗೆ ಗೆಲುವು, ಇಳಿದಿದ್ದರೆ ಸೈಮನ್‌ಗೆ ಗೆಲುವು. ಆ ಹತ್ತು ವರ್ಷಗಳಲ್ಲಿ ಜಗತ್ತಿನ ಜನಸಂಖ್ಯೆ 80 ಕೋಟಿಗೂ ಹೆಚ್ಚು ಬೆಳೆಯಿತು. ಆದರೂ 1990ರಲ್ಲಿ ಐದೂ ಲೋಹಗಳ ನಿಜಬೆಲೆ ಇಳಿದಿತ್ತು. ಎರ್ಲಿಕ್ 576 ಡಾಲರ್ 7 ಸೆಂಟ್‌ಗಳ ಚೆಕ್ಕನ್ನು ಅಂಚೆಯಲ್ಲಿ ಕಳುಹಿಸಿದರು.

ಹಾಗಾದರೆ ಸೈಮನ್ನರ ನೋಟವೇ ಸತ್ಯವೆ? ಕಥೆ ಅಲ್ಲಿಗೆ ಮುಗಿಯಲಿಲ್ಲ. ಬೇರೆ ಬೇರೆ ವರ್ಷಗಳಿಂದ ಲೆಕ್ಕ ಆರಂಭಿಸಿ ನೋಡಿದ ಅರ್ಥಶಾಸ್ತ್ರಜ್ಞರಿಗೆ, ಇಪ್ಪತ್ತನೆಯ ಶತಮಾನದ ಬೇರೆ ಹಲವು ದಶಕಗಳಲ್ಲಿ ಇದೇ ಪಂಥವನ್ನು ಎರ್ಲಿಕ್ ಗೆಲ್ಲುತ್ತಿದ್ದರು ಎಂಬುದು ಕಂಡುಬಂತು. ಮುಂದೆ 1995ರಲ್ಲಿ ಎರ್ಲಿಕ್ ಮತ್ತೊಬ್ಬ ವಿಜ್ಞಾನಿಯೊಂದಿಗೆ ಸೇರಿ ಎರಡನೆಯ ಪಂಥಕ್ಕೆ ಆಹ್ವಾನವಿತ್ತರು. ಈ ಬಾರಿ ಅಳೆಯಬೇಕಾದದ್ದು ಲೋಹದ ಬೆಲೆಯನ್ನಲ್ಲ; ಗಾಳಿಯ ಇಂಗಾಲದ ಡೈಆಕ್ಸೈಡ್, ಭೂಮಿಯ ಉಷ್ಣತೆ, ಕಾಡು, ಫಲವತ್ತಾದ ಮಣ್ಣು ಮೊದಲಾದ 15 ಅಂಶಗಳನ್ನು. ಅವು ಮನುಷ್ಯನ ಕ್ಷೇಮವನ್ನು ನೇರವಾಗಿ ತೋರಿಸುವ ಅಳತೆಗಳಲ್ಲವೆಂದು ಸೈಮನ್ ಒಪ್ಪಲಿಲ್ಲ. ಇಬ್ಬರ ನಡುವಿನ ಭೇದ ಆಗ ನಿಚ್ಚಳವಾಯಿತು. ಇಬ್ಬರೂ ಅಳತೆಗೋಲು ಹಿಡಿದವರೇ, ಆದರೆ ಯಾವುದನ್ನು ಅಳೆಯಬೇಕೆಂಬುದನ್ನು ಅವರವರ ನೋಟ ಮೊದಲೇ ನಿರ್ಧರಿಸಿತ್ತು.

ಇಬ್ಬರ ಕೈಯಲ್ಲೂ ಸತ್ಯದ ಒಂದೊಂದು ಭಾಗವಿತ್ತು. ಭಾರತದ ಗೋಧಿಯ ಇಳುವರಿ 1960ರ ದಶಕದ ನಡುವಿನಲ್ಲಿ ಸುಮಾರು 1 ಕೋಟಿ ಟನ್ನು ಇದ್ದದ್ದು ಇಂದು 11 ಕೋಟಿ ಟನ್ನು ದಾಟಿದೆ. 1950ರ ಸುಮಾರಿಗೆ 50 ವರ್ಷಕ್ಕಿಂತ ಕಡಿಮೆಯಿದ್ದ ಜಗತ್ತಿನ ಸರಾಸರಿ ಆಯುಷ್ಯ ಇಂದು 70ನ್ನು ಮೀರಿದೆ. ಇವು ಸೈಮನ್ನರ ಪಕ್ಷದ ಸತ್ಯಗಳು. ಅದೇ ಗೋಧಿಯ ನಾಡಾದ ಪಂಜಾಬಿನಲ್ಲಿ ಅಂತರ್ಜಲ ವರ್ಷದಿಂದ ವರ್ಷಕ್ಕೆ ಪಾತಾಳಕ್ಕಿಳಿಯುತ್ತಿದೆ. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಅಳತೆ ಆರಂಭವಾದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಇವು ಎರ್ಲಿಕ್ಕರ ಪಕ್ಷದ ಸತ್ಯಗಳು. ಒಂದು ಪಟ್ಟಿಯನ್ನು ಮಾತ್ರ ಓದಿದವನು ಹಿಗ್ಗುತ್ತಾನೆ, ಇನ್ನೊಂದನ್ನು ಮಾತ್ರ ಓದಿದವನು ಕುಗ್ಗುತ್ತಾನೆ.

ಕಲಶ, ಕಿರೀಟ, ಬಂಗಾರ

ಇಂಥ ಸಂದರ್ಭಕ್ಕೆ ಸ್ವಾಮಿ ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಕೊಟ್ಟ ಉದಾಹರಣೆ ಬಹಳ ಒಪ್ಪುತ್ತದೆ. ಅಕ್ಕಸಾಲಿಗನು ಬಂಗಾರದ ಕಲಶವೊಂದನ್ನು ಕರಗಿಸಿ ಕಿರೀಟ ಮಾಡುತ್ತಾನೆ. ಕಲಶ ಬೇಕೆಂದವನಿಗೆ ದುಃಖ, ಕಿರೀಟ ಬೇಕೆಂದವನಿಗೆ ಸಂತೋಷ, ಬಂಗಾರ ಬೇಕೆಂದವನಿಗೆ ದುಃಖವೂ ಇಲ್ಲ, ಸಂತೋಷವೂ ಇಲ್ಲ. ನಡೆದ ಘಟನೆ ಒಂದೇ. ಮೂವರ ಭಾವಗಳೂ ಬರಿಯ ಭ್ರಮೆಯಲ್ಲ. ಅವಕ್ಕೆ ವಸ್ತುವಿನಲ್ಲಿಯೇ ಕಾರಣವಿದೆ. ಕಲಶದ ರೂಪ ನಿಜವಾಗಿಯೂ ಅಳಿದಿದೆ, ಕಿರೀಟದ ರೂಪ ನಿಜವಾಗಿಯೂ ಹುಟ್ಟಿದೆ, ಬಂಗಾರ ನಿಜವಾಗಿಯೂ ಉಳಿದಿದೆ. ಉತ್ಪಾದ, ವ್ಯಯ, ಧ್ರೌವ್ಯಗಳೆಂಬ ಮೂರೂ ಕೂಡಿದರೆ ಮಾತ್ರ ವಸ್ತುವಿನ ಪೂರ್ಣ ಸ್ವರೂಪ.

ಲೋಕದ ವಿಚಾರವೂ ಹೀಗೆಯೇ. ಹಳೆಯ ಕೆರೆ, ಹಳೆಯ ಕಾಡು, ಹಳೆಯ ಋತುಕ್ರಮಗಳನ್ನು ಪ್ರೀತಿಸಿದವನು ವ್ಯಯವನ್ನಷ್ಟೇ ಕಾಣುತ್ತಾನೆ. ಹೊಸ ಔಷಧ, ಹೊಸ ಯಂತ್ರ, ಹೊಸ ಅನುಕೂಲಗಳನ್ನು ಮೆಚ್ಚಿದವನು ಉತ್ಪಾದವನ್ನಷ್ಟೇ ಕಾಣುತ್ತಾನೆ. ಲೋಕವೇನೂ ಇಂದು ನಿನ್ನೆಯದಲ್ಲ ಎಂದು ಉದಾಸೀನನಾದವನು ಧ್ರೌವ್ಯವನ್ನಷ್ಟೇ ಹಿಡಿದಿದ್ದಾನೆ. ವಸ್ತುವಿನ ಒಂದು ಮುಖವನ್ನು ಹಿಡಿಯುವ ನೋಟಕ್ಕೆ ಶಾಸ್ತ್ರದಲ್ಲಿ ನಯವೆಂದು ಹೆಸರು. ನಯವು ದೋಷವಲ್ಲ, ಅಲ್ಪಜ್ಞರಾದ ನಮಗೆ ಅದಿಲ್ಲದೆ ಮಾತೇ ಇಲ್ಲ. ತನ್ನದಷ್ಟೇ ನಿಜ, ಉಳಿದದ್ದು ಸುಳ್ಳು ಎಂದು ಹಟ ಹಿಡಿದಾಗ ಅದು ದುರ್ನಯವಾಗುತ್ತದೆ. ‘ಸ್ಯಾತ್’ ಎಂಬ ಪದ ‘ಒಂದು ಅಪೇಕ್ಷೆಯಿಂದ’ ಎಂದು ಹೇಳಿ ಆ ಹಟವನ್ನು ಸಡಿಲಿಸುತ್ತದೆ.

ಆದರೆ ಅನೇಕಾಂತವೆಂದರೆ ಎಲ್ಲರ ಮಾತೂ ಸರಿ ಎಂದು ತಲೆದೂಗುವುದಲ್ಲ. ಮರವನ್ನು ಬುಡಸಮೇತ ಕಡಿಯುವವನದೂ ಒಂದು ನೋಟ, ಉದುರಿದ ಹಣ್ಣನ್ನು ಆಯುವವನದೂ ಒಂದು ನೋಟ, ಎರಡೂ ಸಮಾನ ಎಂದು ನೇಮಿಚಂದ್ರಾಚಾರ್ಯರು ಹೇಳಲಿಲ್ಲ. ಒಂದನ್ನು ಕೃಷ್ಣವೆಂದೂ ಇನ್ನೊಂದನ್ನು ಶುಕ್ಲವೆಂದೂ ಸ್ಪಷ್ಟವಾಗಿ ಗುರುತಿಸಿದರು. ಹಲವು ನೋಟಗಳನ್ನು ಕೂಡಿಸಿ ಸತ್ಯವನ್ನು ತಿಳಿಯಬೇಕು, ತಿಳಿದ ಬಳಿಕ ಅಹಿಂಸೆಯ ಒರೆಗಲ್ಲಿಗೆ ಹಚ್ಚಿ ಮಾರ್ಗವನ್ನು ಆರಿಸಿಕೊಳ್ಳಬೇಕು.

ನೋಟಗಳು ಹೀಗೆ ಕೂಡಿದಾಗ ಏನಾಗಬಹುದೆಂಬುದಕ್ಕೆ ಇತ್ತೀಚಿನ ಇತಿಹಾಸದಲ್ಲಿಯೇ ನಿದರ್ಶನವಿದೆ. ಅಂಟಾರ್ಕ್ಟಿಕದ ಮೇಲೆ ಓಝೋನ್ ಪದರ ತೆಳುವಾಗುತ್ತಿರುವುದನ್ನು ಬ್ರಿಟನ್ನಿನ ವಿಜ್ಞಾನಿಗಳು 1985ರಲ್ಲಿ ಪ್ರಕಟಿಸಿದರು. ಅಪಾಯವಿಲ್ಲವೆಂದು ಜಗತ್ತು ಸುಮ್ಮನಿರಲಿಲ್ಲ, ಎಲ್ಲವೂ ಮುಗಿಯಿತೆಂದು ಎದೆಗುಂದಲೂ ಇಲ್ಲ. 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು. ಮುಂದೆ ಜಗತ್ತಿನ ಎಲ್ಲ ರಾಷ್ಟ್ರಗಳೂ ಅದನ್ನು ಒಪ್ಪಿದವು. ಶೀತಕ ಯಂತ್ರಗಳಲ್ಲಿ ಬಳಸುತ್ತಿದ್ದ ಹಾನಿಕಾರಕ ಅನಿಲಗಳು ಹಂತಹಂತವಾಗಿ ಕಡಿಮೆಯಾದವು. ಈ ಶತಮಾನದ ನಡುವಿನ ದಶಕಗಳ ಹೊತ್ತಿಗೆ ಆ ಪದರ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆಂಬುದು ವಿಜ್ಞಾನಿಗಳ ಅಂದಾಜು. ಅಪಾಯವನ್ನು ಕಂಡ ಕಣ್ಣೂ ಉಪಾಯವನ್ನು ನಂಬಿದ ಮನಸ್ಸೂ ಒಂದುಗೂಡಿದ್ದರ ಫಲವಿದು.

ಕಾಡನ್ನು ಕಂಡ ಕಣ್ಣುಗಳು

ನಮ್ಮ ನಾಡಿನಲ್ಲಿ ಒಂದೇ ಕಾಡು ಬೇರೆ ಬೇರೆ ಕಣ್ಣುಗಳಿಗೆ ಬೇರೆ ಬೇರೆಯಾಗಿ ಕಂಡದ್ದುಂಟು. 1983ರ ಸೆಪ್ಟೆಂಬರಿನಲ್ಲಿ ಉತ್ತರ ಕನ್ನಡದ ಶಿರಸಿ ಸೀಮೆಯ ಸಾಲ್ಕಣಿಯ ಜನರು ಮರಗಳನ್ನು ಅಪ್ಪಿ ನಿಂತು ಕೊಡಲಿಯನ್ನು ತಡೆದರು. ಮರ ಕಡಿಸುತ್ತಿದ್ದ ಗುತ್ತಿಗೆದಾರನಿಗೆ ಅದು ಇಷ್ಟು ಘನ ಅಡಿ ನಾಟಾ. ಕಾರ್ಖಾನೆಗೆ ಅದು ಕಚ್ಚಾ ಸಾಮಗ್ರಿ. ಅಡಕೆ ತೋಟದ ರೈತನಿಗೆ ಅದೇ ಕಾಡು ಗೊಬ್ಬರಕ್ಕೆ ಸೊಪ್ಪು, ದರಗು, ಬೇಸಿಗೆಯಲ್ಲೂ ಬತ್ತದ ಹಳ್ಳ. ಅಲ್ಲಿಯ ಹಕ್ಕಿಗೂ ಅಳಿಲಿಗೂ ಅದೇ ಮನೆ. ಆದರೆ ಅವು ಅರ್ಜಿ ಬರೆಯಲಾರವು.

ಅಪ್ಪಿಕೊ ಎಂದು ಹೆಸರಾದ ಆ ಚಳವಳಿಯ ಘೋಷಣೆ ‘ಉಳಿಸು, ಬೆಳೆಸು, ಬಳಸು’ ಎಂದಾಗಿತ್ತು. ಅದು ಬಳಸಲೇಬೇಡ ಎನ್ನಲಿಲ್ಲ, ಬಳಕೆಯನ್ನು ಮೂರನೆಯ ಸ್ಥಾನದಲ್ಲಿರಿಸಿತು. ಗೃಹಸ್ಥನಾದ ಶ್ರಾವಕನಿಗೆ ಅಣುವ್ರತಗಳು ಹೇಳುವುದೂ ಇದನ್ನೇ. ಮುನಿಗಳಂತೆ ಸಂಪೂರ್ಣ ತ್ಯಾಗ ಅವನಿಂದಾಗದು. ಉಣ್ಣಬೇಕು, ಉಳಬೇಕು, ಮನೆ ಕಟ್ಟಬೇಕು. ಆದರೆ ಭೂಮಿ, ನೀರು, ಬೆಂಕಿ, ಗಾಳಿ, ಸಸ್ಯಗಳಲ್ಲಿಯೂ ಏಕೇಂದ್ರಿಯ ಜೀವಗಳಿವೆ ಎಂದು ತಿಳಿದವನ ಬಳಕೆಗೂ, ಅವೆಲ್ಲ ತನಗಾಗಿಯೇ ಬಿದ್ದಿರುವ ಸರಕು ಎಂದು ಬಗೆದವನ ಬಳಕೆಗೂ ಅಜಗಜಾಂತರವಿದೆ. ಮೊದಲನೆಯವನ ಕೈ ತಾನಾಗಿಯೇ ಹಿಡಿತಕ್ಕೆ ಬರುತ್ತದೆ. ಜೀವಗಳು ಒಂದಕ್ಕೊಂದು ಉಪಕಾರಿಗಳು ಎಂಬ ತತ್ತ್ವಾರ್ಥಸೂತ್ರದ ಆಶಯವನ್ನು ಭಗವಾನ್ ಮಹಾವೀರರ 2500ನೆಯ ನಿರ್ವಾಣೋತ್ಸವದ ಕಾಲದಲ್ಲಿ ಜೈನ ಸಮಾಜವು ತನ್ನ ಲಾಂಛನದ ಅಡಿಯಲ್ಲಿ ಬರೆದುಕೊಂಡಿತು. ಲಾಂಛನದಲ್ಲಿರುವುದು ನೋಟಕ್ಕಿಳಿದರೆ ಅದು ಸಾರ್ಥಕ.

ಪಂಚಮ ಕಾಲವೆಂಬ ನೆಪ

ಇನ್ನು, ಇದು ಪಂಚಮ ಕಾಲ ಎಂಬ ನಿಟ್ಟುಸಿರಿನ ವಿಚಾರ. ಕಾಲಚಕ್ರದ ಅವಸರ್ಪಿಣಿಯಲ್ಲಿ ನಾವಿರುವುದು ದುಷಮಾ ಎಂಬ ಐದನೆಯ ಕಾಲದಲ್ಲಿ ಎಂಬುದೂ, ಆಯುಷ್ಯ, ಬಲ, ಸದ್ಗುಣಗಳು ಇದರಲ್ಲಿ ಇಳಿಮುಖವೆಂಬುದೂ ಆಗಮದ ಮಾತು. ಆದರೆ ಅದೇ ಆಗಮ ಅದರ ಅವಧಿಯನ್ನು 21,000 ವರ್ಷವೆಂದು ಹೇಳಿದೆ. ಮಹಾವೀರ ಸ್ವಾಮಿಯ ನಿರ್ವಾಣದ ಬಳಿಕ 3 ವರ್ಷ 8 ತಿಂಗಳು 15 ದಿನ ಕಳೆದು ಆರಂಭವಾದ ಈ ಕಾಲದಲ್ಲಿ ಈವರೆಗೆ ಸಂದದ್ದು ಸುಮಾರು 2,550 ವರ್ಷ. ಇನ್ನೂ 18,000ಕ್ಕೂ ಹೆಚ್ಚು ವರ್ಷ ಉಳಿದಿದೆ. ಅಷ್ಟೂ ಕಾಲ ಧರ್ಮ ಇರುತ್ತದೆ, ಧರ್ಮಿಷ್ಠರು ಇರುತ್ತಾರೆ ಎಂಬುದೂ ಆಗಮದ ಮಾತೇ. ಅರ್ಧವನ್ನು ನೆನೆದು ಅರ್ಧವನ್ನು ಮರೆಯುವುದು ನ್ಯಾಯವಲ್ಲ. ಇದು ಧ್ಯಾನಕ್ಕೆ ತಕ್ಕ ಕಾಲವಲ್ಲ ಎಂದು ನೆಪ ಹೇಳುವವರನ್ನು ಆಚಾರ್ಯ ಕುಂದಕುಂದರು ‘ಮೋಕ್ಷಪಾಹುಡ’ದಲ್ಲಿ ನೇರವಾಗಿ ನಿರಾಕರಿಸಿ, ಈ ದುಷಮಾ ಕಾಲದಲ್ಲಿಯೂ ಸಾಧುವಿಗೆ ಧರ್ಮಧ್ಯಾನ ಸಾಧ್ಯವೆಂದಿದ್ದಾರೆ.

ಕಾಲ ಇಳಿಮುಖವಾದಾಗ ಏನು ಮಾಡಬೇಕೆಂಬುದನ್ನು ಪುರಾಣಗಳೇ ತೋರಿಸಿವೆ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ಬರುವ ಹದಿನಾಲ್ವರು ಕುಲಕರರ ವೃತ್ತಾಂತವನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಓದಬೇಕು. ಬೇಡಿದ್ದನ್ನು ಕೊಡುತ್ತಿದ್ದ ಕಲ್ಪವೃಕ್ಷಗಳ ಕಾಂತಿ ಕುಂದತೊಡಗಿದಾಗ ಜನರಿಗೆ ಮೊದಲ ಬಾರಿಗೆ ಆಕಾಶದಲ್ಲಿ ಸೂರ್ಯಚಂದ್ರರು ಕಂಡರು. ಅವರು ನಡುಗಿದರು. ಮೊದಲ ಕುಲಕರನಾದ ಪ್ರತಿಶ್ರುತಿ, ಇವು ಹೊಸದಾಗಿ ಬಂದವುಗಳಲ್ಲ, ಮೊದಲಿನಿಂದಲೂ ಇದ್ದವು, ಮರಗಳ ಬೆಳಕಿನಿಂದಾಗಿ ಕಾಣುತ್ತಿರಲಿಲ್ಲ ಎಂದು ತಿಳಿಹೇಳಿದನು. ಭಯಕ್ಕೆ ಅವನು ಕೊಟ್ಟ ಔಷಧ ತಿಳಿವಳಿಕೆ. ಮುಂದೆ ಮರಗಳು ವಿರಳವಾಗಿ ಜನರು ಜಗಳಕ್ಕೆ ಬಿದ್ದಾಗ ಸೀಮಂಕರನು ಅವುಗಳಿಗೆ ಎಲ್ಲೆಗಳನ್ನು ಗೊತ್ತುಮಾಡಿದನು. ಕೊರತೆಗೆ ಅವನು ಕೊಟ್ಟ ಔಷಧ ಮಿತಿ. ಕಲ್ಪವೃಕ್ಷಗಳು ಮರೆಯಾಗಿ ಪ್ರಜೆಗಳು ಹಸಿದು ಬಂದಾಗ ಆದಿನಾಥನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ವೃತ್ತಿಗಳನ್ನು ಕಲಿಸಿದನು. ಹಸಿವೆಗೆ ಅವನು ಕೊಟ್ಟ ಔಷಧ ದುಡಿಮೆ. ಕಾಲ ಕೆಟ್ಟಿತೆಂದು ಅವರಲ್ಲಿ ಯಾರೂ ಕೈಚೆಲ್ಲಲಿಲ್ಲ. ತಿಳಿವಳಿಕೆ, ಮಿತಿ, ದುಡಿಮೆ ಎಂಬ ಈ ಮೂರು ಇಂದಿಗೂ ಬೇಕಾದ ಔಷಧಗಳು.

ಮನುಷ್ಯನನ್ನು ಹೇಗೆ ಕಾಣಬೇಕು?

ಭೂಮಿಯ ಮೇಲಿನ ಪ್ರೀತಿ ಕೆಲವೊಮ್ಮೆ ಮನುಷ್ಯನ ಮೇಲಿನ ದ್ವೇಷವಾಗಿ ತಿರುಗುವುದುಂಟು. ಮನುಷ್ಯರು ಇಲ್ಲದಿದ್ದರೇ ಭೂಮಿಗೆ ಒಳಿತು ಎಂಬ ಮಾತು ವಿದ್ಯಾವಂತರ ಬಾಯಲ್ಲಿಯೂ ಕೇಳಿಬರುತ್ತದೆ. ಜಿನಧರ್ಮ ಇದನ್ನು ಒಪ್ಪುವುದಿಲ್ಲ. ಎಲ್ಲ ಗತಿಗಳಲ್ಲಿ ಮನುಷ್ಯ ಗತಿಯೇ ಮೋಕ್ಷಕ್ಕೆ ಬಾಗಿಲು. ದೇವತೆಗಳೂ ಮುಕ್ತಿಗಾಗಿ ಮನುಷ್ಯರಾಗಿ ಹುಟ್ಟಬೇಕು. ಮರವನ್ನು ಬುಡಸಮೇತ ಕಡಿಯಬಲ್ಲವನೂ ಮನುಷ್ಯನೇ, ಉದುರಿದ ಹಣ್ಣಿನಲ್ಲಿ ತೃಪ್ತಿ ಕಾಣಬಲ್ಲವನೂ ಮನುಷ್ಯನೇ. ಲೇಶ್ಯೆ ಆತ್ಮದ ಸ್ವಭಾವವಲ್ಲ, ಕಷಾಯದ ಬಣ್ಣ. ಅದು ಬದಲಾಗಬಲ್ಲದು ಎಂಬುದರಲ್ಲಿಯೇ ಮನುಕುಲದ ಆಸೆ ಅಡಗಿದೆ.

ಆದ್ದರಿಂದಲೇ ಶಾಸ್ತ್ರವು ನಾಲ್ಕು ಭಾವನೆಗಳನ್ನು ಉಪದೇಶಿಸಿತು. ಎಲ್ಲ ಜೀವಿಗಳಲ್ಲಿ ಮೈತ್ರಿ, ಗುಣವಂತರನ್ನು ಕಂಡಾಗ ಪ್ರಮೋದ, ನೊಂದವರಲ್ಲಿ ಕಾರುಣ್ಯ, ತಿದ್ದಲಾಗದವರಲ್ಲಿ ಮಾಧ್ಯಸ್ಥ್ಯ. ಭೂಮಿಯ ವಿಚಾರದಲ್ಲಿ ಇವನ್ನು ಅನ್ವಯಿಸಿಕೊಳ್ಳುವುದು ಕಷ್ಟವಲ್ಲ. ಬರಗಾಲದಲ್ಲಿ ಊರು ಬಿಟ್ಟ ರೈತನನ್ನು ಕಂಡು ಕಾರುಣ್ಯ ಮೂಡಬೇಕು. ಕೆರೆಯ ಹೂಳೆತ್ತಿದ ಹಳ್ಳಿಗರನ್ನು ಕಂಡು ಪ್ರಮೋದ ಉಂಟಾಗಬೇಕು. ಎಷ್ಟು ಹೇಳಿದರೂ ಕೇಳದವನ ಮೇಲೆ ಹಗೆ ಸಾಧಿಸದೆ, ತನ್ನ ಕರ್ತವ್ಯವನ್ನು ಬಿಡದೆ ಇರುವುದೇ ಮಾಧ್ಯಸ್ಥ್ಯ.

ಆರ್ತದಿಂದ ಧರ್ಮಕ್ಕೆ

ನಾಳೆಯ ಚಿಂತನೆಯನ್ನೇ ಬಿಡಬೇಕೆಂದು ಇದರ ಅರ್ಥವೆ? ಅಲ್ಲ. ಚಿಂತೆಗೂ ಚಿಂತನೆಗೂ ಇರುವ ಭೇದವನ್ನು ಧ್ಯಾನದ ಪ್ರಕರಣ ವಿವರಿಸುತ್ತದೆ. ಪ್ರಿಯವಾದುದು ಅಗಲಿತೆಂದೂ ಅಪ್ರಿಯವಾದುದು ಬಂದಿತೆಂದೂ ಮತ್ತೆಮತ್ತೆ ಕೊರಗುವುದು ಆರ್ತಧ್ಯಾನ. ಜೀವಿಗಳು ತಪ್ಪು ದಾರಿಯಿಂದ ಹೇಗೆ ಹೊರಬಂದಾವು ಎಂದು ವಿಚಾರ ಮಾಡುವುದು ಅಪಾಯವಿಚಯ, ಲೋಕದ ಸ್ವರೂಪವನ್ನು ನೆನೆಯುವುದು ಸಂಸ್ಥಾನವಿಚಯ, ಇವೆರಡೂ ಧರ್ಮಧ್ಯಾನ. ಬತ್ತಿದ ಕೆರೆಯ ಮುಂದೆ ನಿಂತು, ಅಯ್ಯೋ ಎಲ್ಲ ಹೋಯಿತು ಎನ್ನುವುದು ಆರ್ತ. ಇದು ಏಕೆ ಬತ್ತಿತು, ಇದರಲ್ಲಿ ನನ್ನ ಪಾಲು ಎಷ್ಟು, ಯಾವ ಪ್ರವೃತ್ತಿಯನ್ನು ಬಿಟ್ಟರೆ ಮತ್ತೆ ನೀರು ನಿಂತೀತು ಎನ್ನುವುದು ಧರ್ಮ. ಕೆರೆ ಒಂದೇ, ಮನಸ್ಸಿನ ಗತಿ ಬೇರೆ.

ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಅನರ್ಥದಂಡ ವಿರತಿಯೆಂಬ ಗುಣವ್ರತದ ವಿವರಣೆಯಿದೆ. ಪ್ರಯೋಜನವಿಲ್ಲದೆ ಮಾಡುವ ಪಾಪಗಳಿಂದ ದೂರವಿರುವುದೇ ಈ ವ್ರತ. ಅಂಥ ಪಾಪಗಳ ಐದು ಬಗೆಗಳಲ್ಲಿ ಎರಡು ಇಂದಿನ ಕಾಲಕ್ಕೆಂದೇ ಹೇಳಿದಂತಿವೆ. ಒಂದು ಪ್ರಮಾದಚರ್ಯೆ. ನಿಷ್ಕಾರಣವಾಗಿ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕಲಕುವುದು, ಗಿಡಮರ ಕಡಿಯುವುದು, ಸುಮ್ಮಸುಮ್ಮನೆ ತಿರುಗಾಡುವುದು ಎಲ್ಲವೂ ಇದರಲ್ಲಿ ಸೇರುತ್ತವೆ. ಯಾರೂ ಇಲ್ಲದ ಕೋಣೆಯಲ್ಲಿ ತಿರುಗುವ ಫ್ಯಾನೂ, ಮದುವೆಯ ಎಲೆಯಲ್ಲಿ ಉಳಿದುಹೋದ ಅನ್ನವೂ ಇದರ ಹೊರಗಿಲ್ಲ. ಇನ್ನೊಂದು ದುಃಶ್ರುತಿ, ಅಂದರೆ ರಾಗದ್ವೇಷಗಳನ್ನು ಕೆರಳಿಸಿ ಮನಸ್ಸನ್ನು ಕಲುಷಿತಗೊಳಿಸುವ ಮಾತುಗಳನ್ನು ಕೇಳುವುದು. ರಾತ್ರಿಯೆಲ್ಲ ಮೊಬೈಲಿನಲ್ಲಿ ಒಂದಾದ ಮೇಲೊಂದು ಪ್ರಳಯದ ವಿಡಿಯೊ ನೋಡಿ ಬೆಳಗ್ಗೆ ನಿಸ್ಸತ್ವನಾಗಿ ಏಳುವವನು ಭೂಮಿಗೆ ಯಾವ ಉಪಕಾರವನ್ನೂ ಮಾಡಿದಂತಾಗಲಿಲ್ಲ.

ಹಾಗಾದರೆ ಒಬ್ಬನ ನೋಟ ನೆಟ್ಟಗಿದೆಯೆಂದು ತಿಳಿಯುವುದು ಹೇಗೆ? ಸಮ್ಯಕ್ತ್ವಕ್ಕೆ ಹೇಳಿದ ನಾಲ್ಕು ಲಕ್ಷಣಗಳನ್ನೇ ಇಲ್ಲಿ ಕನ್ನಡಿಯಾಗಿ ಹಿಡಿಯಬಹುದು. ಸುದ್ದಿ ಕೇಳಿದಾಗ ಮನಸ್ಸು ಕೆರಳದೆ ಶಾಂತವಾಗಿ ಯೋಚಿಸಬಲ್ಲದೆ? ಅದು ಪ್ರಶಮ. ಶಾಂತಿಯ ಹೆಸರಿನಲ್ಲಿ ನಿದ್ದೆಗೆ ಜಾರದೆ ಎಚ್ಚರವಾಗಿದೆಯೆ? ಅದು ಸಂವೇಗ. ದೂರದ ದ್ವೀಪದ ಮೀನುಗಾರನಿಗೂ ಹಿತ್ತಿಲ ಇರುವೆಗೂ ಮರುಗಬಲ್ಲದೆ? ಅದು ಅನುಕಂಪೆ. ಮಾಡಿದ ಚಿಕ್ಕ ಒಳಿತೂ ವ್ಯರ್ಥವಾಗದು, ಆತ್ಮವಿದೆ, ಕರ್ಮಫಲವಿದೆ ಎಂಬ ನಂಬಿಕೆ ಗಟ್ಟಿಯಾಗಿದೆಯೆ? ಅದು ಆಸ್ತಿಕ್ಯ. ಮೊದಲನೆಯದು ಇಲ್ಲದವನಿಗೆ ಭಯ, ಎರಡನೆಯದು ಇಲ್ಲದವನಿಗೆ ಜಡತೆ, ಮೂರನೆಯದು ಇಲ್ಲದವನಿಗೆ ಸ್ವಾರ್ಥ, ನಾಲ್ಕನೆಯದು ಇಲ್ಲದವನಿಗೆ ಹತಾಶೆ.

ಭೋಗೋಪಭೋಗ ಪರಿಮಾಣವೆಂಬ ವ್ರತದಲ್ಲಿ ಗೃಹಸ್ಥನು ಬಳಸುವ ವಸ್ತುಗಳಿಗೆ ಜೀವನಪರ್ಯಂತ ಮಿತಿ ಹಾಕಿಕೊಳ್ಳಬಹುದು. ಅದು ಕಷ್ಟವೆನಿಸಿದರೆ ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ತಿಂಗಳಿಗೆ ಹಾಕಿಕೊಳ್ಳಬಹುದು ಎಂಬ ಸೌಲಭ್ಯವನ್ನೂ ಆಚಾರ್ಯರು ಕೊಟ್ಟಿದ್ದಾರೆ. ಮೊದಲನೆಯದು ಯಮ, ಎರಡನೆಯದು ನಿಯಮ. ಬರುವ ಅಷ್ಟಮಿಯಿಂದ ಚತುರ್ದಶಿಯವರೆಗೆ ಒಂದು ಮನೆಯವರು ಕೂಡಿ ಕುಳಿತು ಸ್ನಾನಕ್ಕೆ ಇಷ್ಟೇ ನೀರು, ಇಷ್ಟೇ ವಿದ್ಯುತ್ತು, ತಟ್ಟೆಯಲ್ಲಿ ಅಗುಳೂ ಉಳಿಯಬಾರದು ಎಂದು ಗೊತ್ತುಮಾಡಿಕೊಂಡರೆ, ಲೋಕದ ತಾಪ ಅಷ್ಟರಿಂದ ಇಳಿಯದೆ ಹೋಗಬಹುದು. ಆದರೆ ಆ ಏಳು ದಿನಗಳಲ್ಲಿ ಆ ಮನೆಯವರು ಭೂಮಿಯನ್ನು ನೋಡುವ ಬಗೆ ಬದಲಾಗುತ್ತದೆ. ನೀರಿನ ತಂಬಿಗೆ ಎತ್ತುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಆ ತಡೆಯುವ ಒಂದು ಕ್ಷಣದಲ್ಲಿಯೇ ವ್ರತವಿದೆ.